ಸ್ಪ್ಯಾನಿಷ್‌ನ ‘ಕೆದಾರ್’: ನಮ್ಮ ‘ಉಳಿ’ಯನ್ನು ಹಿಡಿದು ಕಲಿಯುವ ದಾರಿ

ಹಡಗಿನ ಕೆಲಸಕ್ಕೆ ಹೊರಡುವ ಕಾರವಾರ, ಅಂಕೋಲಾ ಕಡೆಯ ಹುಡುಗರಿರಲಿ, ಗೋಕರ್ಣದಲ್ಲಿ ಹೋಮ್‌ಸ್ಟೇ ನಡೆಸುವವರಿರಲಿ, ಸುಮ್ನೆ ಆಸೆಗೆ ಮೊಬೈಲ್ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಶುರು ಮಾಡಿದ ಕಾಲೇಜಿನವರಿರಲಿ, ಎಲ್ಲರೂ ಒಂದು ಕಡೆ ಬಂದು ತಡವರಿಸುತ್ತಾರೆ. ನಮಸ್ಕಾರಕ್ಕೆ ‘ಓಲ’ ಆಯಿತು, ಥ್ಯಾಂಕ್ಸ್‌ಗೆ ‘ಗ್ರಾಸಿಯಸ್’ ಆಯಿತು, ಅಂಕಿ, ಬಣ್ಣ, ವಾರದ ದಿನಗಳೂ ಆದವು. ಆಮೇಲೆ ಆ ಭಾಷೆಯವರು ತಮ್ಮತಮ್ಮಲ್ಲಿ ಆಡುವ ಮಾತು ಕಿವಿಗೆ ಬೀಳಲು ಶುರುವಾದಾಗ ಒಂದು ಪದ ಎಲ್ಲ ಕಡೆ ಕೇಳಿಸುತ್ತದೆ, ಆದರೆ ಪ್ರತಿ ಸಲವೂ ಅರ್ಥ ಬೇರೆ. ಅದೇ ‘ಕೆದಾರ್’.

ನಾನು ಹಡಗಿನ ಊಟದ ಹಾಲ್‌ನಲ್ಲಿ ಕೆಲಸ ಮಾಡುತ್ತಾ ಈ ಭಾಷೆ ಕಲಿತವನು. ಈಗ ಕಾರವಾರದ ಮನೆಯಲ್ಲೇ ಸಂಜೆ ಹೊತ್ತು ಕೆಲವರಿಗೆ ಹೇಳಿಕೊಡುತ್ತೇನೆ. ನಾವು ಹೆಚ್ಚಿನವರು ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಪುಸ್ತಕದಿಂದ. ಇಂಗ್ಲಿಷ್ ಪುಸ್ತಕ ತೆಗೆದರೆ ‘ಕೆದಾರ್’ ಎದುರಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಅರ್ಥಗಳ ಉದ್ದ ಪಟ್ಟಿ ಇರುತ್ತದೆ. ಅದನ್ನು ಬಾಯಿಪಾಠ ಮಾಡಬೇಡಿ. ಕನ್ನಡ ಬಲ್ಲವರಿಗೆ ಈ ಪದದ ಮುಕ್ಕಾಲು ಭಾಗ ಆಗಲೇ ಗೊತ್ತಿದೆ, ಯಾಕೆಂದರೆ ನಮ್ಮ ‘ಉಳಿ’ ಮತ್ತು ‘ಉಳಿದುಕೊಳ್ಳು’ ಅದೇ ಕೆಲಸ ಮಾಡುತ್ತವೆ. ಮಧ್ಯೆ ಇಂಗ್ಲಿಷ್ ಸೇರಿಸದೆ ಕನ್ನಡದಿಂದ ನೇರ ಸ್ಪ್ಯಾನಿಷ್‌ಗೆ ಹೋಗುವುದು ಹೇಗೆ ಎಂದು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲು ಬಾಯಿಗೆ ಕೂರಲಿ

ಬರೆಯುವಾಗ ಇದರ ಅಕ್ಷರಗಳು ಕ್ಯೂ, ಯು, ಇ, ಡಿ, ಎ, ಆರ್. ಹೇಳುವುದು ‘ಕ್ವೆಡಾರ್’ ಎಂದಲ್ಲ, ‘ಕೆದಾರ್’ ಎಂದು. ಆ ‘ಯು’ಗೆ ಇಲ್ಲಿ ಉಚ್ಚಾರವೇ ಇಲ್ಲ. ‘ಡಿ’ ಅಕ್ಷರ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳುವ ನಮ್ಮ ‘ದ’ಕ್ಕೆ ಹತ್ತಿರ. ಎರಡು ಸ್ವರಗಳ ನಡುವೆ ಬಂದಾಗ ಅದು ಇನ್ನಷ್ಟು ಮೆತ್ತಗಾಗುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ಇದಕ್ಕೆ ಒದ್ದಾಡುತ್ತಾರೆ, ನಮಗೆ ಕಷ್ಟವೇ ಅಲ್ಲ. ಹ್ರಸ್ವ ‘ಎ’ ಕೂಡ ನಮ್ಮಲ್ಲಿ ಇದೆ.

ಸ್ಪ್ಯಾನಿಷ್‌ನಲ್ಲಿ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎನ್ನುವುದು ಮುಖ್ಯ. ಈ ಲೇಖನದಲ್ಲಿ ಒತ್ತು ಇರುವ ಕಡೆ ಹೆಚ್ಚಾಗಿ ದೀರ್ಘ ಬರೆದಿದ್ದೇನೆ. ‘ಕೇದೊ’ ಎಂದರೆ ‘ನಾನು ಉಳಿಯುತ್ತೇನೆ’. ‘ಕೆದೋ’ ಎಂದರೆ ‘ಅವನು ಉಳಿದ’ ಅಥವಾ ‘ಅದು ಉಳಿಯಿತು’. ಅಕ್ಷರ ಅವೇ, ಒತ್ತು ಜಾಗ ಬದಲಿಸಿದ್ದಕ್ಕೆ ಆಳೂ ಬದಲಾದ, ಕಾಲವೂ ಬದಲಾಯಿತು. ಹಾಗಾಗಿ ಇವೆರಡನ್ನು ಜೋರಾಗಿ ಹೇಳಿಕೊಂಡು ಕಿವಿಗೆ ವ್ಯತ್ಯಾಸ ಗೊತ್ತಾದ ಮೇಲೆ ಮುಂದಕ್ಕೆ ಹೋಗಿ.

ವರ್ತಮಾನದಲ್ಲಿ ಕೇದೊ, ಕೇದಸ್, ಕೇದ, ಕೆದಾಮೊಸ್, ಕೇದನ್. ಕ್ರಮವಾಗಿ ನಾನು, ನೀನು, ಅವನು ಅಥವಾ ಅದು, ನಾವು, ಅವರು ಅಥವಾ ಅವು. ಗೌರವದ ‘ನೀವು’ಗೂ ‘ಕೇದ’ ರೂಪವೇ. ಭೂತಕಾಲದಲ್ಲಿ ಕೆದೇ, ಕೆದಾಸ್ತೆ, ಕೆದೋ, ಕೆದಾಮೊಸ್, ಕೆದಾರೊನ್. ಸದ್ಯಕ್ಕೆ ಇಷ್ಟು ಸಾಕು.

‘ಉಳಿ’ ಮತ್ತು ‘ಉಳಿದುಕೊಳ್ಳು’

ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಇದಕ್ಕೆ ಜಾಸ್ತಿ ಹೊತ್ತು ಕೊಡಿ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಜಾತ್ರೆಗೆ ಹೋದ ನೀವು ಲಾಡ್ಜ್‌ಗೆ ಹೋಗಿ ಕೇಳುತ್ತೀರಿ. ಕೌಂಟರ್‌ನವರು ‘ರೂಮ್ ಯಾವುದೂ ಉಳಿದಿಲ್ಲ’ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಅದು ‘ನೊ ಕೇದನ್ ಅಬಿತಸಿಯೋನೆಸ್’. ಆಮೇಲೆ ನೀವು ಮನೆಗೆ ಫೋನ್ ಮಾಡಿ ‘ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ’ ಎನ್ನುತ್ತೀರಿ. ಅದು ‘ಮೆ ಕೆದೇ ಎನ್ ಕಾಸ ದೆ ಮಿ ತೀಯ’. (‘ತೀಯ’ ಎಂದರೆ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಎಲ್ಲರೂ. ಅಷ್ಟು ಸಂಬಂಧಕ್ಕೆ ಒಂದೇ ಪದ.)

ಎರಡು ವಾಕ್ಯಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೂಮು ‘ಉಳಿಯುತ್ತದೆ’. ನೀವು ‘ಉಳಿದುಕೊಳ್ಳುತ್ತೀರಿ’. ಸ್ಪ್ಯಾನಿಷ್‌ನಲ್ಲೂ ರೂಮಿಗೆ ಬರಿಯ ‘ಕೇದನ್’, ನಿಮಗೆ ‘ಮೆ ಕೆದೇ’. ನಾವು ‘ಕೊಳ್ಳು’ ಸೇರಿಸುವ ಕಡೆ ಅವರು ಕ್ರಿಯಾಪದದ ಮುಂದೆ ಒಂದು ಪುಟ್ಟ ಪದ ಇಡುತ್ತಾರೆ. ನಮ್ಮ ‘ಕೊಳ್ಳು’ ಎಲ್ಲರಿಗೂ ಒಂದೇ, ಅವರ ಪುಟ್ಟ ಪದ ಮಾತ್ರ ಆಳಿನ ಜೊತೆ ಬದಲಾಗುತ್ತದೆ. ನಾನು ಉಳಿದುಕೊಳ್ಳುವಾಗ ‘ಮೆ’, ನೀನು ಉಳಿದುಕೊಳ್ಳುವಾಗ ‘ತೆ’, ಅವನು, ಅವಳು, ಅವರು, ಗೌರವದ ನೀವು ಆದರೆ ‘ಸೆ’, ನಾವು ಆದರೆ ‘ನೊಸ್’. ಈ ಜೋಡಿ ರೂಪದ ಹೆಸರು ‘ಕೆದಾರ್ಸೆ’. ನಿಘಂಟಿನಲ್ಲಿ ಹಾಗೇ ಕಾಣುತ್ತದೆ.

ಮನೆಯಲ್ಲಿ ಕೊಂಕಣಿ ಆಡುವ ಕಾರವಾರದವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಕೊಂಕಣಿಯಲ್ಲಿ ವಸ್ತು ‘ಉರ್ತಾ’, ಮನುಷ್ಯ ‘ರಾವ್ತಾ’. ಎರಡೂ ಬೇರೆ ಬೇರೆ ಪದ. ಹಾಗಾಗಿ ಈ ಹೆಜ್ಜೆಗೆ ಕನ್ನಡದಲ್ಲೇ ಯೋಚಿಸುವುದು ಸುಲಭ. ಪೋರ್ಚುಗೀಸ್ ಗೊತ್ತಿರುವ ಗೋವಾದ ಹಿರಿಯರು ಪರಿಚಯದಲ್ಲಿದ್ದರೆ ಅವರನ್ನೂ ಕೇಳಿ. ಆ ಭಾಷೆಯ ‘ಫಿಕಾರ್’ ಹೆಚ್ಚುಕಡಿಮೆ ಇದೇ ಕೆಲಸಗಳನ್ನೆಲ್ಲ ಮಾಡುತ್ತದೆ.

ಈಗ ಒಂದು ಚಂದದ ಮಾತು. ನಮ್ಮಲ್ಲಿ ಮನೆಗೆ ಬಂದವರು ಊಟದ ಹೊತ್ತಿಗೆ ಎದ್ದು ಹೊರಟರೆ ‘ಊಟಕ್ಕೆ ಉಳ್ಕೊಳ್ಳಿ’ ಎನ್ನುತ್ತೇವಲ್ವಾ? ಅದು ಅಕ್ಷರಕ್ಕೆ ಅಕ್ಷರ ‘ಕೇದೆಸೆ ಅ ಕೊಮೇರ್’. ಗೆಳೆಯನಾದರೆ ‘ಕೇದತೆ ಅ ಕೊಮೇರ್’, ಊಟಕ್ಕೆ ಉಳ್ಕೊ. ನೀನು, ನೀವು ಎಂಬ ಭೇದ ಅವರಲ್ಲೂ ಇದೆ. ವಯಸ್ಸಾದವರ ಜೊತೆ, ಗಿರಾಕಿಗಳ ಜೊತೆ ಮೊದಲ ರೂಪವನ್ನೇ ಬಳಸಿ. ಅಜ್ಜಿಯೊಬ್ಬರಿಗೆ ‘ಕೇದತೆ’ ಎಂದರೆ ಅವರು ಬೈಯಲಿಕ್ಕಿಲ್ಲ, ಆದರೆ ‘ಕೇದೆಸೆ’ ಎಂದರೆ ಮುಖ ಅರಳುತ್ತದೆ.

‘ನನಗೆ ಉಳಿದಿದೆ’

‘ನನಗೆ ಇನ್ನು ಎರಡು ದಿನ ರಜೆ ಉಳಿದಿದೆ.’ ಈ ವಾಕ್ಯದಲ್ಲಿ ಉಳಿದಿರುವುದು ರಜೆ. ನಾನು ಬರೀ ‘ನನಗೆ’. ಸ್ಪ್ಯಾನಿಷ್ ಕೂಡ ಹಾಗೆಯೇ: ‘ಮೆ ಕೇದನ್ ದೋಸ್ ದೀಯಸ್ ದೆ ಬಕಸಿಯೋನೆಸ್’. ‘ಮೆ’ ಎಂದರೆ ನನಗೆ. ದಿನಗಳು ಎರಡು, ಹಾಗಾಗಿ ಬಹುವಚನದ ‘ಕೇದನ್’. ಒಂದೇ ದಿನವಾದರೆ ‘ಮೆ ಕೇದ ಉನ್ ದೀಯ’. ಇಂಗ್ಲಿಷ್‌ನಿಂದ ಬಂದವರು ಇಲ್ಲಿ ‘ನಾನು’ ಎಂದು ಶುರು ಮಾಡಿ ಗೊಂದಲಕ್ಕೆ ಬೀಳುತ್ತಾರೆ. ನೀವು ‘ನನಗೆ, ನಿನಗೆ, ಅವರಿಗೆ’ ಎಂದು ಶುರು ಮಾಡಿ: ಮೆ, ತೆ, ಲೆ.

ಎಲ್ಲ ವಾಕ್ಯವೂ ಇಷ್ಟು ನೇರವಾಗಿ ಕೂರುವುದಿಲ್ಲ. ಕನ್ನಡದಲ್ಲಿ ‘ನನ್ನ ಹತ್ತಿರ ನೂರು ರೂಪಾಯಿ ಉಳಿದಿದೆ’ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಅದಕ್ಕೂ ‘ನನಗೆ’ಯೇ: ‘ಮೆ ಕೇದನ್ ಸಿಯೇನ್ ರೂಪಿಯಸ್’. ಹತ್ತಿರ, ಬಳಿ, ಕೈಯಲ್ಲಿ ಎಂದು ಏನೂ ಸೇರಿಸಬೇಡಿ.

ಹೋಟೆಲ್, ಹಡಗು, ಹೋಮ್‌ಸ್ಟೇ ಕೆಲಸದವರು ದಿನಾ ಹೇಳಬೇಕಾದ ಮಾತು ‘ಯ ನೊ ಕೇದ’. ‘ಖಾಲಿಯಾಯ್ತು’ ಎಂದರ್ಥ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಹೊತ್ತಿಗೆ ಬಂದ ಅತಿಥಿಗೆ ‘ಯ ನೊ ಕೇದ ಪೆಸ್ಕಾದೊ’ ಎಂದು ಹೇಳುವುದು ಬಂದೇ ಬರುತ್ತದೆ. ಹಾಂ, ‘ಪೆಸ್ಕಾದೊ’ ಎಂದರೆ ಹಿಡಿದ, ತಿನ್ನುವ ಮೀನು. ನೀರಿನಲ್ಲಿ ಈಜುವ ಮೀನಿಗೆ ‘ಪೇಸ್’ ಎಂಬ ಬೇರೆ ಪದವಿದೆ.

‘ಎಲ್ಲಿ ಬರುತ್ತದೆ?’

ಕಾರವಾರ ರೈಲ್ವೆ ಸ್ಟೇಷನ್ ಊರೊಳಗಿಲ್ಲ, ಶಿರವಾಡದಲ್ಲಿದೆ. ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ಇಳಿದವರೂ ಗೋಕರ್ಣಕ್ಕೆ ಆಟೊನೋ ಬಸ್ಸೋ ಹಿಡಿಯಬೇಕು. ಹಾಗಾಗಿ ಪ್ರವಾಸಿಗಳು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: ‘ದೋಂದೆ ಕೇದ ಲ ಎಸ್ತಸಿಯೋನ್?’ ಸ್ಟೇಷನ್ ಎಲ್ಲಿ ಬರುತ್ತದೆ?

ಇಲ್ಲಿ ‘ಉಳಿ’ ಕೆಲಸಕ್ಕೆ ಬರುವುದಿಲ್ಲ, ನಮ್ಮ ‘ಬರುತ್ತದೆ’ ಬರುತ್ತದೆ. ‘ಬ್ಯಾಂಕ್ ಎಲ್ಲಿ ಬರ್ತದೆ?’, ‘ಸದಾಶಿವಗಡ ಸೇತುವೆ ಆಚೆ ಬರ್ತದೆ’ ಎನ್ನುವ ಆ ‘ಬರ್ತದೆ’. ಎರಡೂ ಭಾಷೆಯಲ್ಲಿ ನಿಯಮವೂ ಒಂದೇ. ಕದಲದೆ ಒಂದೇ ಕಡೆ ಇರುವ ಜಾಗಗಳಿಗೆ ಮಾತ್ರ ಈ ಮಾತು. ‘ಅಣ್ಣ ಎಲ್ಲಿದ್ದಾನೆ?’ ಎಂದು ಕೇಳಲು ನಾವು ‘ಅಣ್ಣ ಎಲ್ಲಿ ಬರ್ತಾನೆ?’ ಎನ್ನುವುದಿಲ್ಲ. ಅವರೂ ಅಲ್ಲಿ ‘ಕೇದ’ ಬಿಟ್ಟು ‘ಎಸ್ತಾ’ ಬಳಸುತ್ತಾರೆ: ‘ದೋಂದೆ ಎಸ್ತಾ ಮಿ ಎರ್ಮಾನೊ?’ ಊರು, ಕಟ್ಟಡ, ಬೀಚ್, ರಸ್ತೆಗೆ ‘ಕೇದ’. ಮನುಷ್ಯ, ಚೀಲ, ಮೊಬೈಲಿಗೆ ‘ಎಸ್ತಾ’.

ಉತ್ತರ ಕೊಡುವುದೂ ಸುಲಭ. ಹತ್ತಿರವಾದರೆ ‘ಕೇದ ಸೇರ್ಕ’, ದೂರವಾದರೆ ‘ಕೇದ ಲೇಹೊಸ್’, ಹತ್ತು ನಿಮಿಷದ ದಾರಿಯಾದರೆ ‘ಕೇದ ಅ ದಿಯೇಸ್ ಮಿನೂತೊಸ್’.

ಅಂಗಿ, ಸೀರೆ, ಸಾರು

ಗೋಕರ್ಣದಲ್ಲಿ ಬೀಚಿಗೆ ಹೋಗುವ ದಾರಿಯ ಒಂದು ಬಟ್ಟೆ ಅಂಗಡಿ. ಚಿಲಿ ದೇಶದ ಇಬ್ಬರು ಗೆಳತಿಯರು ಬಂದಿದ್ದರು. ಒಬ್ಬಳು ಹತ್ತಿ ಅಂಗಿಯೊಂದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಗೆಳತಿ ತಲೆ ಅಲ್ಲಾಡಿಸಿ ‘ತೆ ಕೇದ ಗ್ರಾಂದೆ’ ಎಂದಳು. ನಿನಗೆ ದೊಡ್ಡದಾಗುತ್ತದೆ. ಅಂಗಡಿಯ ಅಕ್ಕ ಮಾತು ಅರ್ಥವಾಗದಿದ್ದರೂ ಭುಜ ಜಾರಿದ್ದು ನೋಡಿ ಸಣ್ಣ ಸೈಜ್ ತೆಗೆದು ಕೊಟ್ಟರು. ‘ಅಓರ ಸಿ, ಮೆ ಕೇದ ಬಿಯೇನ್’, ಈಗ ಸರಿ, ನನಗೆ ಒಪ್ಪುತ್ತದೆ. ಆಮೇಲೆ ಅಭ್ಯಾಸಬಲದಿಂದ ಅಕ್ಕನನ್ನೇ ಸ್ಪ್ಯಾನಿಷ್‌ನಲ್ಲಿ ಕೇಳಿದಳು: ‘ಲೆ ಕೇದನ್ ಎನ್ ಅಸೂಲ್?’ ನೀಲಿಯಲ್ಲಿ ನಿಮ್ಮ ಹತ್ತಿರ ಉಳಿದಿವೆಯಾ? ನೀಲಿಯದೂ ಸಿಕ್ಕಿತು. ಎರಡನ್ನೂ ಎತ್ತಿ ಹಿಡಿದು ‘ಮೆ ಕೇದೊ ಕೊನ್ ಲೋಸ್ ದೋಸ್’ ಎಂದಳು. ಎರಡೂ ನಾನೇ ಇಟ್ಟುಕೊಳ್ಳುತ್ತೇನೆ.

ಒಂದು ಅಂಗಿ ವ್ಯಾಪಾರದಲ್ಲಿ ಮೂರು ಬಗೆಯ ‘ಕೆದಾರ್’. ಮೊದಲ ಎರಡು ವಾಕ್ಯಗಳಲ್ಲಿ ‘ಆಗುತ್ತದೆ’, ‘ಒಪ್ಪುತ್ತದೆ’. ಮೂರನೆಯದರಲ್ಲಿ ‘ಉಳಿದಿದೆ’. ಕೊನೆಯದರಲ್ಲಿ ‘ಇಟ್ಟುಕೊಳ್ಳು’. ಅಲ್ಲೂ ‘ಕೊಳ್ಳು’ ಬಂತು, ಅಲ್ಲೂ ‘ಮೆ’ ಬಂತು ನೋಡಿ.

‘ಕೊನ್’ ಜೊತೆಗಿನ ಈ ‘ಇಟ್ಟುಕೊಳ್ಳು’ ಅರ್ಥ ಹಡಗಿನಲ್ಲಿ ಕೆಲಸ ಮಾಡುವವರಿಗೆ ಬಹಳ ಬೇಕು. ಬಂದರಿನಲ್ಲಿ ಇಳಿದು ಟ್ಯಾಕ್ಸಿಗೆ ದುಡ್ಡು ಕೊಟ್ಟು ‘ಚಿಲ್ಲರೆ ನೀವೇ ಇಟ್ಟುಕೊಳ್ಳಿ’ ಎನ್ನಬೇಕೆಂದರೆ ‘ಕೇದೆಸೆ ಕೊನ್ ಎಲ್ ಕಾಂಬಿಯೊ’. ಸ್ಪೇನ್, ಮೆಕ್ಸಿಕೊದಲ್ಲಿ ‘ಕಾಂಬಿಯೊ’ ನಡೆಯುತ್ತದೆ. ಪೆರು, ಅರ್ಜೆಂಟೀನಾ ಕಡೆ ‘ಬುಯೇಲ್ತೊ’ ಎನ್ನುತ್ತಾರೆ.

ಅಡುಗೆಗೂ ಇದೇ ಪದ. ‘ಸಾರಿಗೆ ಉಪ್ಪು ಜಾಸ್ತಿ ಆಯ್ತು’ ಎಂಬುದು ‘ಲ ಸೋಪ ಮೆ ಕೆದೋ ಸಲಾದ’. ಇಲ್ಲಿನ ‘ಮೆ’ಯಲ್ಲಿ ‘ನನ್ನ ಕೈಯಿಂದ ಹೀಗಾಯ್ತು’ ಎಂಬ ಭಾವ ಇದೆ. ಯಾರಾದರೂ ಬಂಗಡೆ ಹುರಿದು ಬಡಿಸಿದರೆ ‘ಎಲ್ ಪೆಸ್ಕಾದೊ ತೆ ಕೆದೋ ಮುಯ್ ರ್ರೀಕೊ’ ಎನ್ನಿ. ನೀನು ಮಾಡಿದ ಮೀನು ಬಹಳ ರುಚಿಯಾಗಿದೆ. ಅಡುಗೆ ಮಾಡಿದವರಿಗೆ ಇದಕ್ಕಿಂತ ಖುಷಿ ಕೊಡುವ ವಾಕ್ಯ ಆ ಭಾಷೆಯಲ್ಲಿ ನನಗೆ ಗೊತ್ತಿಲ್ಲ.

‘ಎಷ್ಟು ಗಂಟೆಗೆ ಸಿಗೋಣ?’

ಸ್ಪೇನ್‌ನವರು ಭೇಟಿ ಗೊತ್ತು ಮಾಡಿಕೊಳ್ಳುವುದಕ್ಕೂ ‘ಕೆದಾರ್’ ಎನ್ನುತ್ತಾರೆ. ‘ಅ ಕೆ ಓರ ಕೆದಾಮೊಸ್?’ ಎಂದರೆ ಎಷ್ಟು ಗಂಟೆಗೆ ಸಿಗೋಣ. ‘ಕೆದಾಮೊಸ್ ಅ ಲಸ್ ಸೀಂಕೊ’, ಐದಕ್ಕೆ ಸಿಗೋಣ. ಮೆಕ್ಸಿಕೊದವರು ಇಷ್ಟು ಚುಟುಕಾಗಿ ಹೇಳುವುದು ಕಡಿಮೆ. ಅವರು ‘ಕೆದಾಮೊಸ್ ದೆ ಬೇರ್ನೊಸ್’ ಎನ್ನುತ್ತಾರೆ, ‘ಸಿಗುವುದೆಂದು ಮಾತಾಗಿದೆ’ ಎಂಬಂತೆ. ನಿಮ್ಮ ಜೊತೆ ಕೆಲಸ ಮಾಡುವವರು ಯಾವ ದೇಶದವರು ಎಂದು ನೋಡಿ ಅವರ ರೀತಿಯನ್ನೇ ಹಿಡಿಯಿರಿ.

‘ಎನ್ ಕೇ ಕೆದಾಮೊಸ್?’ ಎಂಬುದು ಬಹಳ ಉಪಯೋಗಕ್ಕೆ ಬರುವ ಪ್ರಶ್ನೆ. ಅಷ್ಟೊತ್ತು ಮಾತಾಡಿ ಏನೂ ಇತ್ಯರ್ಥವಾಗದಿದ್ದಾಗ ‘ಹಾಗಾದ್ರೆ ಕೊನೆಗೆ ಏನಂತ ಆಯ್ತು?’ ಎನ್ನುತ್ತೇವಲ್ಲ, ಅದು.

ಇಲ್ಲಿ ‘ಮೆ’ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಲೇಬೇಕು. ‘ಕೆದೇ ಕೊನ್ ಉನ್ ಅಮೀಗೊ’ ಎಂದರೆ ಗೆಳೆಯನೊಬ್ಬನನ್ನು ಸಿಗುವುದೆಂದು ಗೊತ್ತು ಮಾಡಿಕೊಂಡೆ. ‘ಮೆ ಕೆದೇ ಕೊನ್ ಉನ್ ಅಮೀಗೊ’ ಎಂದರೆ ಗೆಳೆಯನ ಜೊತೆ ಉಳಿದುಕೊಂಡೆ. ‘ಮೆ ಕೆದೇ ಕೊನ್ ಎಲ್ ಲೀಬ್ರೊ’ ಎಂದರೆ ಪುಸ್ತಕವನ್ನು ನಾನೇ ಇಟ್ಟುಕೊಂಡೆ.

‘ನೋಡ್ತಾ ಉಳಿದುಬಿಟ್ಟ’

ಯಾರೋ ಏನೋ ಹೇಳಿದಾಗ ಉತ್ತರ ಕೊಡದೆ ‘ಸುಮ್ಮನೆ ಉಳಿದುಬಿಟ್ಟ’ ಎನ್ನುತ್ತೇವೆ. ‘ಸೆ ಕೆದೋ ಕಯಾದೊ’. ಕಡಲನ್ನೇ ‘ನೋಡ್ತಾ ಉಳಿದುಬಿಟ್ಟಳು’, ‘ಸೆ ಕೆದೋ ಮಿರಾಂದೊ ಎಲ್ ಮಾರ್’. ಒಂದು ಸ್ಥಿತಿಗೆ ಬಂದು ಅಲ್ಲೇ ನಿಂತುಬಿಡುವುದು ಈ ಬಳಕೆಯ ಜೀವ. ಲ್ಯಾಟಿನ್‌ನಲ್ಲಿ ಇದರ ಮೂಲ ಪದಕ್ಕೆ ಶಾಂತಗೊಳಿಸು, ಸುಮ್ಮನಿರಿಸು ಎಂಬ ಅರ್ಥ ಇತ್ತು. ಅದು ಇಲ್ಲಿ ಇನ್ನೂ ಕಾಣುತ್ತದೆ.

ನಿದ್ದೆಗೆ ‘ಮೆ ಕೆದೇ ದೊರ್ಮೀದೊ’, ನಿದ್ದೆ ಹತ್ತಿಬಿಡ್ತು. ಹೆಂಗಸರು ಹೇಳುವಾಗ ‘ದೊರ್ಮೀದ’. ದುಡ್ಡು ಮುಗಿದರೆ ‘ಮೆ ಕೆದೇ ಸಿನ್ ದಿನೇರೊ’. ಇವನ್ನು ಇಡಿಯಾಗಿ ಕಲಿಯಿರಿ. ಎಲ್ಲಿ ‘ಸೆ’ ಬೇಕು, ಎಲ್ಲಿ ಬೇಡ ಎಂಬುದಕ್ಕೆ ಇಲ್ಲಿ ಗಟ್ಟಿ ನಿಯಮ ಇಲ್ಲ. ದೇಶದಿಂದ ದೇಶಕ್ಕೂ ಬದಲಾಗುತ್ತದೆ.

ಎಲ್ಲಿ ‘ಉಳಿ’ ಕೈಕೊಡುತ್ತದೆ

ಕನ್ನಡದ ‘ಉಳಿ’ ಎಲ್ಲ ಕಡೆಯೂ ‘ಕೆದಾರ್’ ಆಗುವುದಿಲ್ಲ. ‘ಜೀವ ಉಳೀತು’ ಎನ್ನಲು ‘ಸಲ್ಬಾರ್ಸೆ’ ಎಂಬ ಬೇರೆ ಪದ ಬೇಕು. ‘ದುಡ್ಡು ಉಳಿಸು’ ಎಂದರೆ ‘ಅಒರ್ರಾರ್’.

ಜಾಸ್ತಿ ಗೊಂದಲವಾಗುವುದು ‘ಉಳಿಯುವುದು’ ಮತ್ತು ‘ಮಿಕ್ಕುವುದು’ ಇವೆರಡರಲ್ಲಿ. ಮದುವೆ ಮನೆಯಲ್ಲಿ ಕೊನೇ ಪಂಕ್ತಿ ಕೂರುವ ಮುಂಚೆ ‘ಅನ್ನ ಇನ್ನೂ ಉಳಿದಿದೆಯಾ?’ ಎಂದು ಕೇಳಿದರೆ ಅದು ‘ಕೇದ ಅರ್ರೋಸ್?’ ಎಲ್ಲರ ಊಟ ಮುಗಿದು, ಪಾತ್ರೆ ತೊಳೆಯುವ ಹೊತ್ತಿಗೆ ‘ಅನ್ನ ಮಿಕ್ಕಿತು’ ಎಂದರೆ ಅದು ‘ಸೊಬ್ರೋ ಅರ್ರೋಸ್’. ಮೊದಲನೆಯದರಲ್ಲಿ ಇನ್ನೂ ಬಡಿಸಲು ಇದೆ, ಎರಡನೆಯದರಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿದೆ. ನಮ್ಮ ಅಮ್ಮಂದಿರು ಈ ಎರಡು ಮಾತನ್ನು ಎಂದೂ ಅದಲುಬದಲು ಮಾಡುವುದಿಲ್ಲ. ಅವರ ಬಾಯಿಯ ಕನ್ನಡ ಕೇಳಿಸಿಕೊಂಡರೆ ‘ಕೆದಾರ್’, ‘ಸೊಬ್ರಾರ್’ ಭೇದ ತಾನಾಗಿ ತಿಳಿಯುತ್ತದೆ.

ದಿನಾ ಮಾಡುವ ಅಭ್ಯಾಸ

ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಪುಸ್ತಕದ ವಾಕ್ಯ ಬರೆಯಬೇಡಿ. ಆ ದಿನ ನೀವೇ ಕನ್ನಡದಲ್ಲಿ ಆಡಿದ, ‘ಉಳಿ’, ‘ಎಲ್ಲಿ ಬರುತ್ತದೆ’, ‘ಒಪ್ಪುತ್ತದೆ’, ‘ಇಟ್ಟುಕೊಳ್ಳು’ ಬಂದ ಮಾತನ್ನು ಬರೆದು ಕೆಳಗೆ ಸ್ಪ್ಯಾನಿಷ್ ಮಾಡಿ. ಆಮೇಲೆ ಅದನ್ನೇ ನಾನು, ನೀನು, ಅವರು ಎಂದು ಬದಲಿಸಿ ಜೋರಾಗಿ ಹೇಳಿ.

ಕೇಳುವಾಗ ಎರಡು ಕಡೆ ಗಮನ ಇರಲಿ. ಪದದ ಮುಂಚೆ ಮೆ, ತೆ, ಸೆ, ಲೆ ಏನಾದರೂ ಬಂತಾ? ಪದದ ನಂತರ ಏನು ಬಂತು? ಅಂಕಿ ಅಥವಾ ವಸ್ತು ಬಂದರೆ ‘ಉಳಿದಿದೆ’. ‘ಸೇರ್ಕ’, ‘ಲೇಹೊಸ್’ ಬಂದರೆ ‘ಎಲ್ಲಿ ಬರುತ್ತದೆ’. ‘ಮೆ’, ‘ಸೆ’ ಇದ್ದು ‘ಕೊನ್’ ಮತ್ತು ವಸ್ತು ಬಂದರೆ ‘ಇಟ್ಟುಕೊಳ್ಳು’. ‘ಬಿಯೇನ್’, ‘ಗ್ರಾಂದೆ’ ಬಂದರೆ ಬಟ್ಟೆಯ ಮಾತು. ಗಂಟೆ ಬಂದರೆ ಭೇಟಿ.

ಅನುಮಾನ ಬಂದರೆ ಮ್ಯಾಡ್ರಿಡ್‌ನಲ್ಲಿ 1713ರಲ್ಲಿ ಶುರುವಾದ ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲದ ನಿಘಂಟು ನೋಡಿ. ಇಂಟರ್ನೆಟ್‌ನಲ್ಲಿ ಉಚಿತ. ವಿವರಣೆ ಸ್ಪ್ಯಾನಿಷ್‌ನಲ್ಲೇ ಇರುತ್ತದೆ, ಮೊದಮೊದಲು ನಿಧಾನವಾದೀತು, ಆದರೆ ಕ್ರಿಯಾಪದದ ಎಲ್ಲ ರೂಪಗಳೂ ಒಂದೇ ಕಡೆ ಸಿಗುತ್ತವೆ. ಪ್ರಮಾಣಪತ್ರ ಬೇಕಿದ್ದವರಿಗೆ ‘ದೇಲೆ’ ಎಂಬ ಪರೀಕ್ಷೆ ಇದೆ. ದೆಹಲಿಯ ಇನ್‌ಸ್ತಿತೂತೊ ಸೆರ್ಬಾಂತೆಸ್‌ನಲ್ಲಿ ಅದರ ವಿವರ ಸಿಗುತ್ತದೆ.

ಈಗ ಇವನ್ನು ನೀವೇ ಸ್ಪ್ಯಾನಿಷ್‌ಗೆ ತಿರುಗಿಸಿ. ಕೆಳಗಿನ ಉತ್ತರ ಆಮೇಲೆ ನೋಡಿ.

ಇನ್ನು ಐದು ನಿಮಿಷ ಉಳಿದಿದೆ. ಬೀಚ್ ಹತ್ತಿರದಲ್ಲೇ ಬರುತ್ತದೆ. ನಾನು ಮನೆಯಲ್ಲೇ ಉಳಿದುಕೊಳ್ಳುತ್ತೇನೆ. ಈ ಸೀರೆ ನಿಮಗೆ ಚೆನ್ನಾಗಿ ಒಪ್ಪುತ್ತದೆ. ನಾವು ಶಿರಸಿಯಲ್ಲಿ ಒಂದು ವಾರ ಉಳಿದುಕೊಂಡೆವು. ಮೀನು ಮಿಕ್ಕಿತು.

ಉತ್ತರಗಳು ಕ್ರಮವಾಗಿ: ‘ಕೇದನ್ ಸೀಂಕೊ ಮಿನೂತೊಸ್’. ‘ಲ ಪ್ಲಾಯ ಕೇದ ಸೇರ್ಕ’. ‘ಮೆ ಕೇದೊ ಎನ್ ಕಾಸ’. ‘ಏಸ್ತೆ ಸಾರಿ ಲೆ ಕೇದ ಮುಯ್ ಬಿಯೇನ್’, ಗೌರವದ ‘ನಿಮಗೆ’ ಆದ್ದರಿಂದ ‘ಲೆ’. ‘ನೊಸ್ ಕೆದಾಮೊಸ್ ಉನ ಸೆಮಾನ ಎನ್ ಶಿರಸಿ’. ಕೊನೆಯದಕ್ಕೆ ‘ಸೊಬ್ರೋ ಪೆಸ್ಕಾದೊ’. ಅಲ್ಲಿ ‘ಕೆದೋ’ ಎಂದು ಬರೆದಿದ್ದರೆ ಮದುವೆ ಮನೆಯ ಅನ್ನದ ಉದಾಹರಣೆಯನ್ನು ಇನ್ನೊಮ್ಮೆ ಓದಿ.